ಮಗುವಿನ ಮನೋವಿಕಾಸ: ಕೆಲವು ಪಾರಿಭಾಷಿಕ ಪದಗಳ ಅರ್ಥವಿಚಾರ

ಮನಶ್ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಅಭ್ಯಸಿಸಿ ಕನ್ನಡದಲ್ಲಿ ಬರೆಯಹೊರಟವರಿಗೆ ಪದಗಳು ಸಿಗದೆ ಹೋಗುವ ಸಂದರ್ಭಗಳು ಕಡಿಮೆ. ಬುದ್ಧಿ, ಮನಸ್ಸು, ಬೆಳವಣಿಗೆ, ವಿಕಾಸ, ಹಂತ, ಕಲಿಕೆ ಮುಂತಾದ ಪದಗಳು ನಮ್ಮಲ್ಲಿ ಮೊದಲಿನಿಂದಲೂ ಇವೆ. ತೊಡಕು ಹುಟ್ಟುವುದೂ ಇಲ್ಲಿಯೇ. ಶಾಸ್ತ್ರವು ಬಳಸಿಕೊಳ್ಳುವ ಮುನ್ನವೇ ಈ ಪದಗಳು ಮನೆಮಾತಿನಲ್ಲಿ, ದರ್ಶನಗ್ರಂಥಗಳಲ್ಲಿ, ಆಡಳಿತದಲ್ಲಿ ಬೇರೆ ಬೇರೆ ಅರ್ಥಗಳನ್ನು ಹೊತ್ತು ಬಾಳಿವೆ. ಆ ಹಳೆಯ ಅರ್ಥಗಳು ಹೊಸ ಪರಿಕಲ್ಪನೆಯೊಳಗೆ ಸದ್ದಿಲ್ಲದೆ ನುಸುಳುತ್ತವೆ.

ಕನ್ನಡನಾಡಿಗೆ ಈ ಶಾಸ್ತ್ರ ಹೊಸದೇನಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೨೪ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದವರು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ೧೯೫೪ರಲ್ಲಿ ಸ್ಥಾಪಿತವಾಗಿ, ೧೯೭೪ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು. ಮನೋವೈದ್ಯಕೀಯ ವಿಷಯವನ್ನು ಕನ್ನಡದಲ್ಲಿ ನಿರೂಪಿಸಿದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಸಂದಿತು. ಹೀಗೆ ಪರಂಪರೆಯೊಂದು ಇದ್ದರೂ, ಹೊರನಾಡಿನಲ್ಲಿದ್ದುಕೊಂಡು ಕನ್ನಡ ಕುಟುಂಬಗಳನ್ನು, ಶಾಲಾಮಕ್ಕಳನ್ನು, ವಲಸೆ ಕಾರ್ಮಿಕರನ್ನು ಕುರಿತು ಸಂಶೋಧನೆ ನಡೆಸುವವರು ಪರಿಭಾಷೆಯ ವಿಷಯದಲ್ಲಿ ಬಹುಮಟ್ಟಿಗೆ ಒಂಟಿಯಾಗಿಯೇ ದುಡಿಯಬೇಕಾಗಿದೆ. ಅಂಥವರನ್ನು ಮನಸ್ಸಿನಲ್ಲಿರಿಸಿಕೊಂಡು ಪ್ರಸ್ತುತ ಲೇಖನವನ್ನು ಸಿದ್ಧಪಡಿಸಿದ್ದೇವೆ.

ವಿವೇಚನೆಗೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದ ಕುಟುಂಬ. ಮನೆಯಲ್ಲಿ ಕನ್ನಡ. ಎಂಟು ವರ್ಷದ ಹುಡುಗಿ ಮರಾಠಿ ಶಾಲೆಗೆ ಸೇರಿ ಒಂದು ವರ್ಷವಾಗಿದೆ. ತರಗತಿಯಲ್ಲಿ ಅವಳು ಹೆಚ್ಚು ಮಾತನಾಡುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅವಳ ವರದಿಯಲ್ಲಿ ಹೀಗೊಂದು ವಾಕ್ಯ ದಾಖಲಾಗುತ್ತದೆ: ‘ಈ ಹುಡುಗಿಯ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ.’ ವಾಕ್ಯ ಸರಳವಾಗಿದೆ, ಯಾರಿಗೂ ಅರ್ಥವಾಗುತ್ತದೆ. ಆದರೆ ‘ಬೆಳೆಯುವುದು’, ‘ವಯಸ್ಸಿಗೆ ತಕ್ಕಂತೆ’, ‘ಬುದ್ಧಿ’ ಎಂಬ ಮೂರು ಮಾತುಗಳಲ್ಲಿ ಪ್ರತಿಯೊಂದೂ ಒಂದೊಂದು ಸಿದ್ಧಾಂತವನ್ನು ಒಳಗಿರಿಸಿಕೊಂಡಿದೆ. ಅವುಗಳನ್ನು ಬಿಡಿಸಿ ನೋಡದೆ ಈ ವಾಕ್ಯ ನಿಜವೋ ಸುಳ್ಳೋ ಎಂದು ಹೇಳಲಾಗದು.

೧. ಬೆಳವಣಿಗೆ, ವಿಕಾಸ, ಪಕ್ವಗೊಳ್ಳುವಿಕೆ

ಬೆಳವಣಿಗೆ ಎಂಬುದು ಪ್ರಮಾಣಕ್ಕೆ ಸಂಬಂಧಿಸಿದ್ದು. ಎತ್ತರ, ತೂಕ, ತಲೆಯ ಸುತ್ತಳತೆ ಇವುಗಳನ್ನು ಟೇಪು ತಕ್ಕಡಿಗಳಿಂದ ಅಳೆಯಬಹುದು. ವಿಕಾಸವೆಂಬುದು ಸ್ವರೂಪದ ಹಾಗೂ ಸಂಘಟನೆಯ ಬದಲಾವಣೆ. ಅಂಬೆಗಾಲಿಡುತ್ತಿದ್ದ ಮಗು ಎದ್ದು ನಿಲ್ಲುವುದು, ಒಂಟಿ ಪದದ ತೊದಲು ವಾಕ್ಯವಾಗುವುದು, ಎದುರಿಗಿಲ್ಲದ ವಸ್ತುವನ್ನು ನೆನೆಯಲು ಶಕ್ತವಾಗುವುದು ಇವೆಲ್ಲ ವಿಕಾಸದ ಲಕ್ಷಣಗಳು. ಬೆಳವಣಿಗೆ ಒಂದು ವಯಸ್ಸಿಗೆ ನಿಲ್ಲುತ್ತದೆ. ವಿಕಾಸ ಜೀವಮಾನವಿಡೀ ನಡೆಯುತ್ತದೆ ಎಂಬುದು ಇಂದಿನ ಸಾಮಾನ್ಯ ನಿಲುವು.

ವಿಕಾಸವೆಂದರೆ ಸದಾ ಹೆಚ್ಚುತ್ತಾ ಹೋಗುವುದು ಎಂದೂ ಭಾವಿಸಬಾರದು. ಜಾನೆಟ್ ವರ್ಕರ್ ಹಾಗೂ ರಿಚರ್ಡ್ ಟೀಸ್ ೧೯೮೪ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ದಂತ್ಯ ತಕಾರಕ್ಕೂ ಮೂರ್ಧನ್ಯ ಟಕಾರಕ್ಕೂ ಇರುವ ಭೇದವನ್ನು ಗುರುತಿಸುತ್ತಿದ್ದವು. ಹತ್ತರಿಂದ ಹನ್ನೆರಡು ತಿಂಗಳಾಗುವ ವೇಳೆಗೆ ಆ ಸಾಮರ್ಥ್ಯ ಬಹುಪಾಲು ಕುಂದಿತ್ತು. ಹಿಂದಿಯನ್ನು ಕೇಳುತ್ತಾ ಬೆಳೆದ ಶಿಶುಗಳಲ್ಲಿ ಅದು ಉಳಿದಿತ್ತು. ಸುತ್ತಲಿನ ಭಾಷೆಗೆ ಕಿವಿ ಹದಗೊಳ್ಳುವಾಗ ಬೇಡವಾದ ಭೇದಗಳು ಬಿಟ್ಟುಹೋಗುತ್ತವೆ. ಈ ನಷ್ಟವೂ ವಿಕಾಸದ ಭಾಗವೇ.

‘ವಿಕಾಸ’ ಪದದಲ್ಲಿ ಇನ್ನೊಂದು ಇಕ್ಕಟ್ಟಿದೆ. ಡಾರ್ವಿನ್ನನ ಸಿದ್ಧಾಂತಕ್ಕೂ ನಾವು ವಿಕಾಸವಾದವೆಂದೇ ಹೇಳುತ್ತೇವೆ. ಜೀವಸಂಕುಲದ ವಿಕಾಸ ಬೇರೆ, ಒಂದು ಮಗುವಿನ ವಿಕಾಸ ಬೇರೆ. ಇವೆರಡನ್ನು ಒಂದೆಂದು ಬಗೆಯುವ ಭ್ರಮೆ ಶಾಸ್ತ್ರದ ಚರಿತ್ರೆಯಲ್ಲಿಯೇ ಉಂಟು. ಹದಿಹರೆಯವನ್ನು ಕುರಿತು ೧೯೦೪ರಲ್ಲಿ ಬೃಹತ್ ಗ್ರಂಥ ಬರೆದ ಅಮೆರಿಕದ ಸ್ಟ್ಯಾನ್ಲಿ ಹಾಲ್, ಮಾನವಕುಲ ಸಾಗಿಬಂದ ಘಟ್ಟಗಳನ್ನು ಪ್ರತಿಯೊಂದು ಮಗುವೂ ಪುನರಾವರ್ತಿಸುತ್ತದೆ ಎಂದು ನಂಬಿದ್ದರು. ಈ ನಂಬಿಕೆಯಿಂದ ಕೆಲವು ಜನಾಂಗಗಳನ್ನೇ ‘ಬಾಲ್ಯಾವಸ್ಥೆಯಲ್ಲಿರುವವು’ ಎಂದು ಕರೆಯುವ ಅನಾಹುತಕ್ಕೆ ದಾರಿಯಾಯಿತು. ಆದುದರಿಂದ ‘ಮನೋವಿಕಾಸ’, ‘ಭಾಷಾವಿಕಾಸ’ ಎಂದು ವಿಶೇಷಣ ಸಹಿತವಾಗಿ ಬರೆಯುವುದು ಕ್ಷೇಮ.

ಇನ್ನು, ಮಗುವಿನಲ್ಲಿ ಕಾಣುವ ಬದಲಾವಣೆ ಒಳಗಿನಿಂದ ಬಂದುದೇ, ಹೊರಗಿನಿಂದ ಬಂದುದೇ ಎಂಬ ಪ್ರಶ್ನೆ. ಒಳಗಿನಿಂದ ಬರುವುದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಪರಿಪಕ್ವತೆ’ ಎಂಬ ಪದವಿದೆ. ಅದು ತಲುಪಿದ ಸ್ಥಿತಿಯನ್ನು ಸೂಚಿಸುವುದರಿಂದ, ಪ್ರಕ್ರಿಯೆಯನ್ನು ಹೇಳುವಾಗ ‘ಪಕ್ವಗೊಳ್ಳುವಿಕೆ’ ಎನ್ನುವುದು ಹೆಚ್ಚು ಸ್ಪಷ್ಟ. ಆರ್ನಾಲ್ಡ್ ಗೆಸೆಲ್ ಹಾಗೂ ಹೆಲೆನ್ ಥಾಂಪ್ಸನ್ ೧೯೨೯ರಲ್ಲಿ ಅವಳಿ ಹೆಣ್ಣುಮಕ್ಕಳ ಮೇಲೆ ನಡೆಸಿದ ಪ್ರಯೋಗ ಇದರ ಪ್ರಸಿದ್ಧ ನಿದರ್ಶನ. ಒಂದು ಮಗುವಿಗೆ ೪೬ನೆಯ ವಾರದಿಂದ ಆರು ವಾರಗಳ ಕಾಲ ಮೆಟ್ಟಿಲು ಹತ್ತುವ ತರಬೇತಿ ಕೊಟ್ಟರು. ಇನ್ನೊಂದಕ್ಕೆ ತರಬೇತಿ ಆರಂಭವಾದದ್ದು ಅದರ ನಂತರ, ಅದೂ ಎರಡೇ ವಾರ. ತಡವಾಗಿ ಕಲಿತ ಮಗು ಅಷ್ಟರಲ್ಲಿಯೇ ಮೊದಲಿನದಕ್ಕೆ ಸರಿಗಟ್ಟಿತು. ದೇಹ ಸಿದ್ಧವಾಗುವ ಮುನ್ನ ಕೊಟ್ಟ ತರಬೇತಿಯಿಂದ ಸ್ಥಾಯಿಯಾದ ಲಾಭವಿಲ್ಲ ಎಂಬುದು ಗೆಸೆಲ್ಲರ ತೀರ್ಮಾನ.

ಆದರೆ ಇದು ಕಥೆಯ ಅರ್ಧ ಮಾತ್ರ. ಚಾರ್ಲ್ಸ್ ಸೂಪರ್ ೧೯೭೬ರಲ್ಲಿ ಪ್ರಕಟಿಸಿದ ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ಅಧ್ಯಯನದಲ್ಲಿ, ತಾಯಂದಿರು ಉದ್ದೇಶಪೂರ್ವಕವಾಗಿ ಕೂರಿಸಿ, ನಿಲ್ಲಿಸಿ, ನಡೆಸಿ ಅಭ್ಯಾಸ ಮಾಡಿಸುತ್ತಿದ್ದ ಶಿಶುಗಳು ಕೂರುವುದರಲ್ಲಿ, ನಡೆಯುವುದರಲ್ಲಿ ಪಾಶ್ಚಾತ್ಯ ಶಿಶುಗಳಿಗಿಂತ ಮುಂದಿದ್ದವು. ಅಭ್ಯಾಸ ಮಾಡಿಸದ ಚಲನೆಗಳಲ್ಲಿ ಆ ಮುನ್ನಡೆ ಇರಲಿಲ್ಲ. ಎಣ್ಣೆಯೊತ್ತಿ ನೀರೆರೆದು ಕಾಲು ಸವರುವ, ಮೂರು ಗಾಲಿಯ ಮರದ ಗಾಡಿ ಹಿಡಿಸಿ ನಡೆಸುವ ನಮ್ಮ ಅಜ್ಜಿಯರ ಪದ್ಧತಿಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿ ತೋರದು. ಪಕ್ವಗೊಳ್ಳುವಿಕೆ, ಕಲಿಕೆಗಳು ಒಂದನ್ನೊಂದು ಹೆಣೆದುಕೊಂಡೇ ಸಾಗುತ್ತವೆ. ‘ಬೆಳೆದಿಲ್ಲ’ ಎಂದು ಬರೆಯುವವರು ಒಳಗಿನ ಸಿದ್ಧತೆ ಸಾಲದೆಂದು ಹೇಳುತ್ತಿದ್ದಾರೆಯೇ, ಕಲಿಯಲು ಅವಕಾಶ ಒದಗಿಲ್ಲವೆಂದು ಹೇಳುತ್ತಿದ್ದಾರೆಯೇ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ನಮ್ಮ ನಿದರ್ಶನದ ಹುಡುಗಿ ಮರಾಠಿಯನ್ನು ಕೇಳತೊಡಗಿ ಒಂದೇ ವರ್ಷವಾಗಿದೆ ಎಂಬ ಸಂಗತಿ ಇಲ್ಲಿ ನಿರ್ಣಾಯಕ.

೨. ವಯಸ್ಸು, ಹಂತ, ನೆರವು

‘ವಯಸ್ಸಿಗೆ ತಕ್ಕಂತೆ’ ಎಂಬ ಮಾತಿನ ಹಿಂದೆ ‘ಹಂತ’ದ ಪರಿಕಲ್ಪನೆಯಿದೆ. ಇದನ್ನು ವ್ಯವಸ್ಥಿತವಾಗಿ ಕಟ್ಟಿದವರು ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (೧೮೯೬–೧೯೮೦). ಇಂದ್ರಿಯ ಹಾಗೂ ಚಲನೆಗಳ ಮೂಲಕ ಲೋಕವನ್ನರಿಯುವ ಮೊದಲನೆಯ ಹಂತದಿಂದ ಅಮೂರ್ತ ತರ್ಕದ ನಾಲ್ಕನೆಯ ಹಂತದವರೆಗೆ ಅವರು ಮಗುವಿನ ಚಿಂತನೆಯ ಪಥವನ್ನು ಗುರುತಿಸಿದರು. ನಡುವಿನ ಎರಡು ಹಂತಗಳನ್ನು ಹೆಸರಿಸುವಾಗ ಕನ್ನಡದಲ್ಲಿ ‘ಕಾರ್ಯಾಚರಣೆ’ ಎಂಬ ಪದ ಬಳಕೆಗೆ ಬಂದಿದೆ. ಪತ್ರಿಕೆ ಓದುವವರಿಗೆ ಕಾರ್ಯಾಚರಣೆಯೆಂದರೆ ಪೋಲೀಸರದು ಅಥವಾ ಸೈನ್ಯದ್ದು. ಪಿಯಾಜೆ ಹೇಳುವುದು ಮನಸ್ಸಿನಲ್ಲಿಯೇ ನಡೆಸಿ, ಮನಸ್ಸಿನಲ್ಲಿಯೇ ಹಿಂದಕ್ಕೆ ತಿರುಗಿಸಬಹುದಾದ ಕ್ರಿಯೆಯನ್ನು. ‘ಮನಃಕ್ರಿಯೆ’ ಎಂಬುದು ಅದಕ್ಕೆ ಹೆಚ್ಚು ಸಮೀಪದ ಪದವೆಂದು ನಮ್ಮ ಅನಿಸಿಕೆ.

ಇದೇ ರೀತಿ ‘ಸಂರಕ್ಷಣೆ’ ಎಂಬ ಪದ. ಅಗಲ ಬಾಯಿಯ ಬಟ್ಟಲಿನ ನೀರನ್ನು ಮಗುವಿನ ಕಣ್ಣೆದುರಿಗೇ ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ, ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಲೋಟದಲ್ಲಿಯೇ ನೀರು ಹೆಚ್ಚೆನ್ನುತ್ತದೆ. ಏಳೆಂಟು ವರ್ಷದ ವೇಳೆಗೆ, ‘ಸುರಿದದ್ದು ಅದೇ ನೀರಲ್ಲವೇ’ ಎಂದು ನಗುತ್ತದೆ. ಆಕಾರ ಬದಲಾದರೂ ಪ್ರಮಾಣ ಬದಲಾಗದೆಂಬ ಈ ಅರಿವಿಗೆ ‘ಸಂರಕ್ಷಣೆ’ ಎಂದರೆ ಕಾಡು ಕಾಯುವ ಇಲಾಖೆ ನೆನಪಾಗುತ್ತದೆ. ‘ಪ್ರಮಾಣಸ್ಥಿರತೆಯ ಅರಿವು’ ಎಂದರೆ ಅರ್ಥ ನೇರವಾಗುತ್ತದೆ. ‘ಅಹಂಕೇಂದ್ರಿತತೆ’ಯೂ ಅಷ್ಟೆ. ಇನ್ನೊಬ್ಬರ ಸ್ಥಾನದಿಂದ ನೋಡಲು ಮಗುವಿಗೆ ಇನ್ನೂ ಸಾಧ್ಯವಾಗದಿರುವ ಸ್ಥಿತಿ ಅದು. ಕನ್ನಡದ ಕಿವಿಗೆ ಅಹಂ ಎಂದೊಡನೆ ಅಹಂಕಾರ ಕೇಳಿಸುತ್ತದೆ. ಮಗು ಸ್ವಾರ್ಥಿಯೆಂಬ ದೂಷಣೆಯಾಗುತ್ತದೆ. ‘ಸ್ವದೃಷ್ಟಿಬದ್ಧತೆ’ ಎಂಬ ಪದದಲ್ಲಿ ಈ ದೋಷವಿಲ್ಲ.

ಹಂತಗಳನ್ನು ರೈಲಿನ ವೇಳಾಪಟ್ಟಿಯಂತೆ ಓದಬಾರದೆಂಬ ಎಚ್ಚರಿಕೆಯನ್ನೂ ಸಂಶೋಧನೆಗಳು ಕೊಟ್ಟಿವೆ. ಜೇಮ್ಸ್ ಮೆಕ್‌ಗ್ಯಾರಿಗಲ್ ಹಾಗೂ ಮಾರ್ಗರೆಟ್ ಡೊನಾಲ್ಡ್‌ಸನ್ ೧೯೭೪ರಲ್ಲಿ ಸಾಲಾಗಿ ಜೋಡಿಸಿದ ವಸ್ತುಗಳ ಪ್ರಯೋಗವನ್ನು ಸ್ವಲ್ಪ ಬದಲಿಸಿದರು. ಸಾಲನ್ನು ಪ್ರಯೋಗಕಾರರು ಕೆಡಿಸುವ ಬದಲು, ‘ತುಂಟ’ ಗೊಂಬೆಯೊಂದು ಬಂದು ಕೆಡಿಸಿದಂತೆ ಮಾಡಿದರು. ಸಂಖ್ಯೆ ಅಷ್ಟೇ ಇದೆಯೆಂದು ಸರಿಯಾಗಿ ಹೇಳಿದ ಮಕ್ಕಳ ಪ್ರಮಾಣ ಬಹಳವಾಗಿ ಏರಿತು. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ, ತನ್ನ ಉತ್ತರವನ್ನೂ ಬದಲಿಸಬೇಕೆಂದು ಮಗು ಊಹಿಸಿರಬಹುದು. ಮಗು ಉತ್ತರಿಸುವುದು ಪ್ರಶ್ನೆಯ ಪದಗಳಿಗಷ್ಟೇ ಅಲ್ಲ, ಪ್ರಶ್ನೆ ಕೇಳುವವರ ಇಂಗಿತಕ್ಕೂ ಕೂಡ.

ಪಿಯಾಜೆ ಹುಟ್ಟಿದ ೧೮೯೬ರಲ್ಲಿಯೇ ಹುಟ್ಟಿ, ೧೯೩೪ರಲ್ಲಿ ಮೂವತ್ತೇಳನೆಯ ವಯಸ್ಸಿಗೇ ತೀರಿಕೊಂಡ ರಷ್ಯದ ಲೆವ್ ವೈಗಾಟ್‌ಸ್ಕಿ ಈ ವಿಚಾರಕ್ಕೆ ಬೇರೊಂದು ದಿಕ್ಕು ತೋರಿದರು. ಮಗು ಇಂದು ಒಂಟಿಯಾಗಿ ಏನು ಮಾಡಬಲ್ಲದು ಎಂಬುದು ಅದರ ಈವರೆಗಿನ ಸಾಧನೆಯನ್ನು ತಿಳಿಸುತ್ತದೆ. ಬಲ್ಲವರ ನೆರವಿನಿಂದ ಏನು ಮಾಡಬಲ್ಲದು ಎಂಬುದು ಅದರ ನಾಳೆಯನ್ನು ತಿಳಿಸುತ್ತದೆ. ಇವೆರಡರ ನಡುವಣ ಅಂತರವೇ ‘ಸಮೀಪ ವಿಕಾಸ ವಲಯ’. ಒಂಟಿಯಾಗಿ ಒಂದೇ ಮಟ್ಟವನ್ನು ತೋರುವ ಇಬ್ಬರು ಮಕ್ಕಳಲ್ಲಿ ಒಬ್ಬಳು ಸ್ವಲ್ಪ ಸುಳಿವು ಸಿಕ್ಕೊಡನೆ ಬಹುದೂರ ಸಾಗಬಹುದು. ಆದಕಾರಣ ನೆರವಿಲ್ಲದೆ ನಡೆಸಿದ ಒಂದು ಪರೀಕ್ಷೆಯಿಂದ ಮಗುವಿನ ಶಕ್ತಿಯ ಮೇರೆಯನ್ನು ನಿರ್ಧರಿಸಲಾಗದು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಈ ಸಂದರ್ಭದಲ್ಲಿ ಉದ್ಧರಿಸುವವರುಂಟು. ಶಾಸ್ತ್ರದಲ್ಲಿ ಇದಕ್ಕೆ ಹೋಲುವ ಎರಡು ಪದಗಳಿವೆ: ‘ನಿರ್ಣಾಯಕ ಅವಧಿ’ ಮತ್ತು ‘ಸೂಕ್ಷ್ಮ ಅವಧಿ’. ಮೊದಲನೆಯದು ಕಳೆದರೆ ಬಾಗಿಲು ಮುಚ್ಚಿತೆಂದು ಅರ್ಥ. ಎರಡನೆಯದರಲ್ಲಿ ಕಲಿಕೆ ಸುಲಭ. ಆಮೇಲೆ ಕಷ್ಟವಾದರೂ ಅಸಾಧ್ಯವಲ್ಲ. ಮಕ್ಕಳು ಎರಡನೆಯ ಭಾಷೆಯನ್ನು ಕಲಿಯುವ ವಿಷಯದಲ್ಲಿ ನಿರ್ಣಾಯಕವೆಂಬ ಕಠಿಣ ಪದವನ್ನು ಬಳಸುವ ಮುನ್ನ ಸಂಶೋಧಕರು ಎರಡು ಬಾರಿ ಯೋಚಿಸುವುದು ಒಳಿತು.

೩. ಬುದ್ಧಿ ಮತ್ತು ಅದರ ಅಳತೆ

ಕನ್ನಡದಲ್ಲಿ ‘ಬುದ್ಧಿ’ ಬಹುರೂಪಿ. ಬುದ್ಧಿ ಹೇಳುವುದೆಂದರೆ ಉಪದೇಶ. ಬುದ್ಧಿ ಬರುವುದೆಂದರೆ ವಿವೇಕ ಮೂಡುವುದು. ಬುದ್ಧಿ ಕಲಿಸುವುದೆಂದರೆ ಕೆಲವೊಮ್ಮೆ ದಂಡನೆ. ಹಳೆಯ ಮೈಸೂರಿನ ಕಡೆ ಒಡೆಯರನ್ನು ‘ಬುದ್ಧೀ’ ಎಂದು ಸಂಬೋಧಿಸುವ ವಾಡಿಕೆಯೂ ಇತ್ತು. ಸಾಂಖ್ಯದರ್ಶನದಲ್ಲಿ ಅದು ಪ್ರಕೃತಿಯಿಂದ ಹೊಮ್ಮುವ ಮೊದಲ ತತ್ತ್ವ. ಬುದ್ಧಿಯಲ್ಲಿ ಹೀಗೆ ನಡತೆ, ವಿನಯ, ವಿವೇಕ, ಅಧಿಕಾರ ಎಲ್ಲವೂ ಬೆರೆತಿವೆ. ಬುದ್ಧಿಪರೀಕ್ಷೆ ಅಳೆಯುವುದು ಇವುಗಳಲ್ಲಿ ಯಾವುದನ್ನೂ ಅಲ್ಲ. ಕೆಲವು ನಿಯತ ಕಾರ್ಯಗಳಲ್ಲಿ ಮಗು ತೋರುವ ಸಾಧನೆಯನ್ನು ಮಾತ್ರ.

ಈ ಪರೀಕ್ಷೆಯ ಮೂಲವನ್ನು ನೆನೆಯುವುದು ಅವಶ್ಯ. ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಹಾಗೂ ಥಿಯೋಡೋರ್ ಸಿಮೋನ್ ೧೯೦೫ರಲ್ಲಿ ಮೊದಲ ಮಾಪನವನ್ನು ರೂಪಿಸಿದುದು ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವ ಸಲುವಾಗಿ. ಬುದ್ಧಿಯು ಹೆಚ್ಚಿಸಲಾಗದ ಸ್ಥಿರ ಪ್ರಮಾಣವೆಂಬ ನಿರಾಶಾವಾದವನ್ನು ಬಿನೆ ಕಟುವಾಗಿ ವಿರೋಧಿಸಿದ್ದರು. ೧೯೧೧ರಲ್ಲಿ ಅವರು ತೀರಿಕೊಂಡ ನಂತರ ಅವರ ಅಳತೆಗೋಲು ಬೇರೆಯವರ ಕೈಸೇರಿತು. ಜರ್ಮನಿಯ ವಿಲಿಯಂ ಸ್ಟರ್ನ್ ೧೯೧೨ರಲ್ಲಿ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಸೂತ್ರ ಸೂಚಿಸಿದರು. ಅಮೆರಿಕದ ಲೂಯಿಸ್ ಟರ್ಮನ್ ೧೯೧೬ರ ತಮ್ಮ ಪರಿಷ್ಕರಣದಲ್ಲಿ ಅದನ್ನು ನೂರರಿಂದ ಗುಣಿಸಿದರು. ಎಂಟು ವರ್ಷದ ಮಗು ಆರು ವರ್ಷದವರ ಮಟ್ಟದ ಕಾರ್ಯಗಳನ್ನಷ್ಟೇ ಪೂರೈಸಿದರೆ ಅದರ ಬುದ್ಧಿಲಬ್ಧ ೭೫. ಭಾಗಲಬ್ಧದ ಜೋಡಿಯಾದ ಈ ‘ಲಬ್ಧ’ ಇಂದು ಹೆಸರಿಗೆ ಮಾತ್ರ ಉಳಿದಿದೆ. ಡೇವಿಡ್ ವೆಕ್ಸ್‌ಲರ್ ೧೯೩೯ರಿಂದ ರೂಪಿಸಿದ ಮಾಪನಗಳಲ್ಲಿ ಭಾಗಾಕಾರವಿಲ್ಲ. ಅದೇ ವಯೋಗುಂಪಿನ ಸರಾಸರಿಯನ್ನು ೧೦೦ ಎಂದಿಟ್ಟು, ವ್ಯಕ್ತಿ ಅದರಿಂದ ಎಷ್ಟು ದೂರವಿದ್ದಾನೆಂದು ನೋಡಲಾಗುತ್ತದೆ. ಅಂದರೆ ಅಂಕವು ಮಗುವಿನ ಒಳಗಿರುವ ವಸ್ತುವಲ್ಲ, ಒಂದು ಗುಂಪಿನಲ್ಲಿ ಮಗುವಿನ ಸ್ಥಾನ. ಆ ಗುಂಪು ಯಾವುದು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಕನ್ನಡಿಗರು ಇಲ್ಲಿ ನೆನೆಯಬೇಕಾದ ಹೆಸರು ವಿ. ವಿ. ಕಾಮತರದು. ಆಗಿನ ಮುಂಬಯಿ ಪ್ರಾಂತದ ಕರ್ನಾಟಕ ಭಾಗದ ಕನ್ನಡ ಹಾಗೂ ಮರಾಠಿ ಮಾತೃಭಾಷೆಯ ಮಕ್ಕಳಿಗಾಗಿ ಅವರು ಬಿನೆ ಮಾಪನವನ್ನು ಪರಿಷ್ಕರಿಸಿದರು. ಈ ಕಾರ್ಯವನ್ನು ವಿವರಿಸುವ ಅವರ ಇಂಗ್ಲಿಷ್ ಗ್ರಂಥ ೧೯೪೦ರಲ್ಲಿ ಹೊರಬಂತು. ಬಿನೆ-ಕಾಮತ್ ಪರೀಕ್ಷೆಯೆಂದು ಹೆಸರಾದ ಇದು ದಶಕಗಳ ಕಾಲ ದೇಶದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿ ಉಳಿಯಿತು. ಪರಭಾಷೆಯ ಪರೀಕ್ಷೆಯನ್ನು ಅನುವಾದಿಸಿದರೆ ಸಾಲದು, ಈ ಮಕ್ಕಳ ಮೇಲೆ ನಡೆಸಿ ಹೊಸದಾಗಿ ಮಟ್ಟಗಳನ್ನು ನಿಗದಿಪಡಿಸಬೇಕು ಎಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. ಆದರೆ ಅದೇ ತತ್ತ್ವದಂತೆ, ಒಂದು ಕಾಲದ ಮಕ್ಕಳಿಂದ ಪಡೆದ ಮಟ್ಟಗಳು ಇನ್ನೊಂದು ಕಾಲದ ಮಕ್ಕಳಿಗೆ ಹಾಗೆಯೇ ಸಲ್ಲುವುದಿಲ್ಲ. ಹಲವು ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಪರೀಕ್ಷಾಂಕಗಳು ಏರುತ್ತ ಬಂದುದನ್ನು ಜೇಮ್ಸ್ ಫ್ಲಿನ್ ೧೯೮೪ ಹಾಗೂ ೧೯೮೭ರ ಲೇಖನಗಳಲ್ಲಿ ತೋರಿಸಿಕೊಟ್ಟಿದ್ದಾರೆ.

ಅಂಕಕ್ಕೆ ಹಣೆಪಟ್ಟಿ ಅಂಟಿಕೊಂಡಾಗ ಅಪಾಯ ಹೆಚ್ಚುತ್ತದೆ. ಹೆನ್ರಿ ಗಾಡಾರ್ಡ್ ೧೯೧೦ರಲ್ಲಿ ಶಾಸ್ತ್ರೀಯ ಪದವೆಂದು ಸೃಷ್ಟಿಸಿದ ‘ಮೋರಾನ್’ ಬಲುಬೇಗ ಇಂಗ್ಲಿಷಿನಲ್ಲಿ ಬೈಗುಳವಾಯಿತು. ನಮ್ಮ ‘ಮಂದಬುದ್ಧಿ’ಯ ಗತಿಯೂ ಅದೇ. ಭಾರತದ ೧೯೯೫ರ ಅಂಗವಿಕಲರ ಕಾಯಿದೆಯಲ್ಲಿ ಬುದ್ಧಿಮಾಂದ್ಯವೆಂಬ ಅರ್ಥದ ಪದವಿತ್ತು. ೨೦೧೬ರ ಕಾಯಿದೆ ಅದನ್ನು ಕೈಬಿಟ್ಟು ‘ಬೌದ್ಧಿಕ ವೈಕಲ್ಯ’ ಎಂಬ ಅರ್ಥದ ಪದವನ್ನು ಸ್ವೀಕರಿಸಿದೆ. ಬದಲಾದದ್ದು ಹೆಸರಷ್ಟೇ ಅಲ್ಲ. ಇಂದಿನ ವ್ಯಾಖ್ಯೆಯ ಪ್ರಕಾರ ಪರೀಕ್ಷಾಂಕದ ಜೊತೆಗೆ ದಿನನಿತ್ಯದ ‘ಹೊಂದಾಣಿಕೆಯ ನಡವಳಿಕೆ’ಯನ್ನೂ ಪರಿಶೀಲಿಸಲೇಬೇಕು. ತಾಯಿ ಕೆಲಸಕ್ಕೆ ಹೋದಾಗ ತಮ್ಮನಿಗೆ ಉಣಿಸಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುವ ಹುಡುಗಿಯನ್ನು ಅಂಕವೊಂದರ ಆಧಾರದ ಮೇಲೆ ವೈಕಲ್ಯದ ಪಟ್ಟಿಗೆ ಸೇರಿಸಲು ಶಾಸ್ತ್ರದಲ್ಲಿ ಆಸ್ಪದವಿಲ್ಲ.

೪. ವಿಳಂಬವೇ, ಭಿನ್ನತೆಯೇ

ಕೊನೆಯದಾಗಿ ಭಾಷೆಯ ವಿಚಾರ. ಎರಡು ಭಾಷೆ ಮಗುವಿನ ಬುದ್ಧಿಗೆ ಹೊರೆಯೆಂಬ ಅಭಿಪ್ರಾಯ ಒಮ್ಮೆ ಪ್ರಬಲವಾಗಿತ್ತು. ವೇಲ್ಸಿನ ಗ್ರಾಮೀಣ ದ್ವಿಭಾಷಿಕ ಮಕ್ಕಳು ಕಡಿಮೆ ಅಂಕ ಪಡೆದರೆಂಬ ೧೯೨೩ರ ಸೇರ್ ಅವರ ಅಧ್ಯಯನ ಅಂಥದ್ದು. ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಹಾಗೂ ವ್ಯಾಲೇಸ್ ಲ್ಯಾಂಬರ್ಟ್, ಕುಟುಂಬಗಳ ಸಾಮಾಜಿಕ ಸ್ಥಿತಿಯನ್ನು ಸಮನಾಗಿಸಿ ನಡೆಸಿದ ೧೯೬೨ರ ಅಧ್ಯಯನದಲ್ಲಿ ಫಲಿತಾಂಶ ತಿರುಗಿತು. ದ್ವಿಭಾಷಿಕ ಮಕ್ಕಳೇ ಮುಂದಿದ್ದರು. ನಮ್ಮ ದೇಶದಲ್ಲಿ ಅಜಿತ್ ಮೊಹಾಂತಿಯವರು ಒಡಿಶಾದ ಕೊಂಧ ಮಕ್ಕಳ ನಡುವೆ ದೀರ್ಘಕಾಲ ನಡೆಸಿದ ಸಂಶೋಧನೆ ವಿಶೇಷ ಮಹತ್ತ್ವದ್ದು. ಕುಯಿ ಹಾಗೂ ಒಡಿಯಾ ಎರಡನ್ನೂ ಬಲ್ಲ ಮಕ್ಕಳು, ಒಡಿಯಾ ಮಾತ್ರ ಉಳಿದಿದ್ದ ಅದೇ ಸಮುದಾಯದ ಮಕ್ಕಳಿಗಿಂತ ಚಿಂತನೆಯ ಹಾಗೂ ಭಾಷೆಯ ಅರಿವಿನ ಪರೀಕ್ಷೆಗಳಲ್ಲಿ ಉತ್ತಮವಾಗಿದ್ದರು. ಕುಯಿ ಕನ್ನಡದಂತೆಯೇ ದ್ರಾವಿಡ ಭಾಷೆ ಎಂಬುದು ಇಲ್ಲಿ ಸ್ಮರಣೀಯ.

ದ್ವಿಭಾಷಿಕ ಮಗುವಿನ ಪದಸಂಪತ್ತು ಎರಡು ಭಾಷೆಗಳಲ್ಲಿ ಹಂಚಿಹೋಗಿರುತ್ತದೆ. ಒಂದನ್ನೇ ಎಣಿಸಿದರೆ ಕಡಿಮೆಯೆನಿಸುವುದು ಸಹಜ. ಕನ್ನಡದಲ್ಲಿಯೇ ಪರೀಕ್ಷಿಸಿದರೂ ಯಾವ ಕನ್ನಡ ಎಂಬ ಪ್ರಶ್ನೆಯಿದೆ. ಯಾದಗಿರಿಯ ಮಗುವಿಗೆ ಉಳ್ಳಾಗಡ್ಡಿ, ಶೇಂಗಾ ಗೊತ್ತು; ಈರುಳ್ಳಿ, ಕಡಲೆಕಾಯಿ ಗೊತ್ತಿಲ್ಲದಿರಬಹುದು. ಬೆಂಗಳೂರಿನಲ್ಲಿ ಮುದ್ರಿತವಾದ ಪ್ರಶ್ನಾವಳಿ ಅದನ್ನು ಅಜ್ಞಾನವೆಂದು ದಾಖಲಿಸಬಹುದು. ‘ಭಾಷಾವಿಳಂಬ’ ಎಂಬುದು ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣಿಸಿಕೊಳ್ಳುವ ಸ್ಥಿತಿ. ಒಂದು ಭಾಷೆಯಲ್ಲಿ ಮಾತ್ರ ಹಿಂದುಳಿದಿದ್ದರೆ ಅದನ್ನು ‘ಭಾಷಾಭಿನ್ನತೆ’ ಎನ್ನಬೇಕು. ಮೊದಲನೆಯದಕ್ಕೆ ಚಿಕಿತ್ಸೆ ಬೇಕು. ಎರಡನೆಯದಕ್ಕೆ ಸಮಯ ಹಾಗೂ ಒಳ್ಳೆಯ ಬೋಧನೆ ಸಾಕು. ನಿಜವಾಗಿ ವಿಳಂಬವಿರುವ ಮಗುವನ್ನು ‘ಭಾಷೆ ಹೊಸದು, ಸರಿಹೋಗುತ್ತದೆ’ ಎಂದು ಕಡೆಗಣಿಸಿದರೂ ಅಷ್ಟೇ ಅನ್ಯಾಯವಾಗುತ್ತದೆ. ಪದಗಳೆರಡೂ ಬೇರೆಯಾಗಿರಬೇಕಾದುದು ಈ ಕಾರಣಕ್ಕೆ.

ಇಷ್ಟನ್ನು ಗಮನಿಸಿದ ಮೇಲೆ ಆರಂಭದ ವಾಕ್ಯವನ್ನು ಹೀಗೆ ತಿದ್ದಿ ಬರೆಯಬಹುದು: ‘ಮನೆಯಲ್ಲಿ ಕನ್ನಡವಾಡುವ ಎಂಟು ವರ್ಷದ ಈ ಹುಡುಗಿ, ಒಂದು ವರ್ಷದಿಂದ ಕಲಿಯುತ್ತಿರುವ ಮರಾಠಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ. ಅವಳ ಮನೆಮಾತಿನಲ್ಲಿ ಹಾಗೂ ನೆರವಿನೊಡನೆ ಪರೀಕ್ಷಿಸುವುದು ಬಾಕಿಯಿದೆ.’ ಈ ವಾಕ್ಯಗಳು ಉದ್ದವಾಗಿವೆ, ತೀರ್ಪನ್ನೂ ಕೊಡುವುದಿಲ್ಲ. ಆದರೆ ಇವುಗಳಲ್ಲಿ ಕಂಡದ್ದಷ್ಟೇ ಇದೆ, ಮುಂದೆ ಮಾಡಬೇಕಾದುದೂ ಇದೆ. ಮೊದಲನೆಯ ವಾಕ್ಯ ಹುಡುಗಿಯನ್ನು ಬೇರೊಂದು ಶಾಲೆಗೋ ಮನೆಗೋ ಕಳುಹಿಸಬಲ್ಲದು. ಇದು ಅವಳ ಬಳಿಗೆ ಕನ್ನಡ ಬಲ್ಲವರೊಬ್ಬರನ್ನು ಕಳುಹಿಸುತ್ತದೆ.

ಹೊರನಾಡಿನ ಸಂಶೋಧಕ ಮಿತ್ರರಲ್ಲಿ ನಮ್ಮ ಕೋರಿಕೆಯಿಷ್ಟು. ಮಕ್ಕಳನ್ನು ಕುರಿತ ಯಾವುದೇ ಬರಹದಲ್ಲಿ ಪರೀಕ್ಷೆ ನಡೆದ ಭಾಷೆ, ಮಗುವಿನ ಮನೆಮಾತಿನ ಪ್ರಭೇದ, ಬಳಸಿದ ಮಟ್ಟಗಳ ಮೂಲ ಹಾಗೂ ಕಾಲ ಇವುಗಳನ್ನು ತಪ್ಪದೆ ನಮೂದಿಸಬೇಕು. ಇಲ್ಲಿ ಸೂಚಿಸಿದ ಪದಗಳೇ ಅಂತಿಮವೆಂಬ ಹಟ ನಮಗಿಲ್ಲ. ತಮ್ಮ ಕ್ಷೇತ್ರಕಾರ್ಯದಲ್ಲಿ ತಾಯಂದಿರ ಬಾಯಿಂದ ಕೇಳಿಬಂದ ಇನ್ನೂ ಸೂಕ್ತವಾದ ಪದಗಳಿದ್ದರೆ ಅವುಗಳನ್ನು ಸ್ವಾಗತಿಸುತ್ತೇವೆ.